ಮಲ್ಲಿತಮ್ಮನ ಹೆಸರು ಉಳಿಯಿತು, ನಮ್ಮ ಫೋಟೋ ಉಳಿಯುತ್ತಾ?

ಇವತ್ತಿನ ಕಂತು ಶುರುವಾಗೋದು ಸೋಮನಾಥಪುರದ ಕೇಶವ ದೇವಾಲಯದ ಜಗತಿಯ ಮೇಲೆ. ಜಗತಿ ಅಂದ್ರೆ ಗುಡಿ ನಿಂತಿರೋ ಎತ್ತರದ ಕಟ್ಟೆ. ಒಂದು ಭಾನುವಾರ ಅಲ್ಲಿ ಕಾಲೇಜು ಹುಡುಗರ ಗುಂಪೊಂದು ಫೋಟೋಗೆ ಸಾಲಾಗಿ ನಿಂತಿತ್ತು. ಫೋನ್ ಹಿಡಿದಿದ್ದವನು ಮಾತ್ರ ತಲೆ ತಗ್ಗಿಸಿ ಏನೋ ಒತ್ತುತ್ತಾ ಇದ್ದ. "ಏನ್ ಮಾಡ್ತಿದ್ದೀಯೋ?" ಅಂತ ಸಾಲಿನಿಂದ ಕೂಗಿದ್ರು. "ಸ್ಟೋರೇಜ್ ಫುಲ್ ಕಣ್ರೋ, ಹಳೇವು ಡಿಲೀಟ್ ಮಾಡ್ತಿದ್ದೀನಿ ಇರಿ" ಅಂದ. "ಕ್ಲೌಡ್‌ಗೆ ಹಾಕೋ" ಅಂತ ಇನ್ನೊಬ್ಬ. "ಅದೂ ಫುಲ್ಲು!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಯೋಚನೆ ಶುರುವಾಯ್ತು. ಫೋಟೋನ ಕ್ಲೌಡ್‌ಗೆ ಹಾಕುವಾಗ ನಮಗೆ ನಿಜವಾಗಿ ಬೇಕಾಗಿರೋದು ಏನು? ಬರೀ ಜಾಗನಾ? ಜಾಗವಾದರೆ ದುಡ್ಡು ಕೊಟ್ಟು ತಗೋಬಹುದು. ನನಗನ್ನಿಸೋದು, ನಮಗೆ ಬೇಕಾಗಿರೋದು ಮೂರು. ಅದು ಉಳಿಯಬೇಕು. ಯಾರದ್ದು, ಎಲ್ಲಿಯದು, ಯಾವಾಗಿನದು ಅಂತ ಗೊತ್ತಾಗಬೇಕು. ಬೇಕಾದವರ ಕೈಗೆ ಸೇರಬೇಕು, ನಾವು ಇಲ್ಲದಿದ್ದಾಗಲೂ. ಈ ಮೂರೂ ಆಸೆ ಹೊಸದೇನಲ್ಲ. ಏಳೂವರೆ ಶತಮಾನದ ಹಿಂದೆ ಇದೇ ಸೋಮನಾಥಪುರದಲ್ಲಿ ಇದ್ದವರಿಗೂ ಇದೇ ಬೇಕಾಗಿತ್ತು. ಅದಕ್ಕೆ ಅವರು ಏನು ಮಾಡಿದರು, ಅದರಲ್ಲಿ ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಅನ್ನೋದೇ ಇವತ್ತಿನ ಕಥೆ.

ಮೊದಲು ಊರಿನ ಪರಿಚಯ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್, ಬನ್ನೂರಿನ ಹತ್ತಿರ, ತಿರುಮಕೂಡಲು ನರಸೀಪುರ ತಾಲ್ಲೂಕು. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಇಲ್ಲೊಂದು ಅಗ್ರಹಾರ ಮಾಡಿಸಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟ. 1268ರಲ್ಲಿ ಕೇಶವ ದೇವಾಲಯದ ಪ್ರತಿಷ್ಠೆ ಆಯ್ತು. ಒಂದೇ ಗುಡಿಯಲ್ಲಿ ಮೂರು ಗರ್ಭಗುಡಿ: ಕೇಶವ, ಜನಾರ್ದನ, ವೇಣುಗೋಪಾಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಗ ನಿಮ್ಮ ಸ್ಟೇಟಸ್‌ಗಳಲ್ಲೂ ಈ ಗುಡಿಯ ಫೋಟೋ ಓಡಾಡಿರುತ್ತೆ.

ಒಳಗೆ ಹೋಗುವಾಗ ಬಾಗಿಲಲ್ಲೇ ದೊಡ್ಡದೊಂದು ಶಾಸನದ ಕಲ್ಲು ನಿಂತಿದೆ. ನಾವು ಬಹಳ ಜನ ಅದನ್ನ ದಾಟಿಕೊಂಡು ಹೋಗಿಬಿಡ್ತೀವಿ. ಒಂದು ರೀತಿಯಲ್ಲಿ ಅದು ಈ ಗುಡಿಯ ಕರಾರು ಪತ್ರ. ಹೊಯ್ಸಳರ ಹೊಗಳಿಕೆ, ಸೋಮನಾಥನ ಪರಿಚಯ, ಅಗ್ರಹಾರ ಮಾಡಿದ್ದು, ಗುಡಿ ಕಟ್ಟಿಸಿದ್ದು, ಅದು ನಡೆದುಕೊಂಡು ಹೋಗಲಿ ಅಂತ ಬಿಟ್ಟ ದತ್ತಿ, ಎಲ್ಲ ಅದರಲ್ಲಿದೆ. ಅಂದ್ರೆ ಕಟ್ಟಿಬಿಟ್ಟರೆ ಸಾಲದು, ದಿನಾ ಯಾರಾದರೂ ನೋಡ್ಕೋಬೇಕು, ನೋಡ್ಕೊಳ್ಳೋರಿಗೆ ಆದಾಯ ಇರಬೇಕು ಅನ್ನೋದು ಸೋಮನಾಥನಿಗೆ ಚೆನ್ನಾಗಿ ಗೊತ್ತಿತ್ತು. ಕ್ಲೌಡ್ ಅಂದ್ರೂ ಇದೇ ತಾನೇ? ಹೆಸರಿಗೆ ಮೋಡ. ನಿಜದಲ್ಲಿ ಎಲ್ಲೋ ಒಂದು ಕಟ್ಟಡ, ಅದರೊಳಗೆ ಸಾಲು ಸಾಲು ಯಂತ್ರ, ಅದಕ್ಕೆ ಕರೆಂಟು, ತಂಪು ಮಾಡೋ ವ್ಯವಸ್ಥೆ, ಸಂಬಳ. ಅದರ ಖರ್ಚನ್ನ ಯಾರೋ ಒಬ್ಬರು ಕೊಡ್ತಾನೇ ಇರಬೇಕು.

ಈಗ ಹೊರಗೋಡೆಗೆ ಬನ್ನಿ. ದೊಡ್ಡ ಮೂರ್ತಿಗಳ ಪೀಠದ ಅಂಚನ್ನ ಹತ್ತಿರದಿಂದ ನೋಡಿದ್ರೆ ಸಣ್ಣ ಹಳಗನ್ನಡ ಅಕ್ಷರಗಳು ಕಾಣ್ತವೆ. ಅವು ಕೆತ್ತಿದವರ ಹೆಸರು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ, ನಂಜಯ. ಮಲ್ಲಿತಮ್ಮ ಅಂದ ಕೂಡಲೇ ಹೆಂಗಸು ಅನ್ನಿಸಬಹುದು. ಅಲ್ಲ, ಅದು ಮಲ್ಲಿ-ತಮ್ಮ. ಈ ಗುಡಿಯ ಸುಮಾರು 40 ಶಿಲ್ಪಗಳು ಅವನ ಕೈಯವು. ಇಂಥ ಶಿಲ್ಪಿಗಳನ್ನ ಆಗ ರೂವಾರಿ ಅಂತಿದ್ರು. ಪೇಪರ್‌ನಲ್ಲಿ ಈಗಲೂ "ಯೋಜನೆಯ ರೂವಾರಿ" ಅಂತ ಬರೀತಾರಲ್ಲ, ಅದೇ ಪದ.

ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ಗುಡಿಯ ಬಗ್ಗೇನೇ ಒಂದು ಪುಸ್ತಕ ತಂದರು. ಈ ಸಹಿಗಳನ್ನೆಲ್ಲ ಓದಿ ಅದರಲ್ಲಿ ದಾಖಲಿಸಿದರು. ಇದರಿಂದ ಏನಾಯ್ತು ನೋಡಿ. ಮಲ್ಲಿತಮ್ಮ ಅನ್ನೋ ಹೆಸರು 1246ರ ನುಗ್ಗೇಹಳ್ಳಿ ಗುಡಿಯಲ್ಲೂ ಇದೆ, 1196ರ ಅಮೃತಾಪುರದಲ್ಲೂ ಇದೆ. ಅಮೃತಾಪುರದಿಂದ ಸೋಮನಾಥಪುರಕ್ಕೆ 72 ವರ್ಷ. ಒಬ್ಬನೇ ಮನುಷ್ಯ ಅಷ್ಟು ದೀರ್ಘ ಕಾಲ ಉಳಿ ಹಿಡಿದಿದ್ದನಾ, ಇಲ್ಲಾ ಅದೇ ಹೆಸರಿನ ಇಬ್ಬರಾ? ಹೇಳೋದು ಕಷ್ಟ. ಯಾಕಂದ್ರೆ ಬರೀ ಹೆಸರಿದೆ. ಬೇಲೂರಿನಲ್ಲಿ ದಾಸೋಜ ಅನ್ನೋ ಶಿಲ್ಪಿ ತಾನು ಬಳ್ಳಿಗಾವಿಯವನು ಅಂತ ಊರಿನ ಹೆಸರೂ ಸೇರಿಸಿ ಕೆತ್ತಿದ. ಅವನ ಮಗ ಚಾವಣನ ಹೆಸರೂ ಅಲ್ಲಿದೆ. ಹಾಗಾಗಿ ದಾಸೋಜ ಯಾರು ಅಂತ ಗೊಂದಲ ಕಡಿಮೆ.

ನಮ್ಮ ಫೋಟೋಗೂ ಇದೇ ಲೆಕ್ಕ. ಫೋನ್‌ನಲ್ಲಿ ಫೋಟೋ ತೆಗೆದಾಗ ದಿನಾಂಕ, ಸಮಯ, ಕ್ಯಾಮೆರಾ ವಿವರ, ಲೊಕೇಶನ್ ಆನ್ ಇದ್ದರೆ ಜಾಗ, ಎಲ್ಲ ಫೈಲ್ ಒಳಗೇ ಸೇರಿರುತ್ತೆ. ಅದನ್ನ ಮೆಟಾಡೇಟಾ ಅಂತಾರೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಚಿತ್ರ ಕುಗ್ಗುತ್ತೆ, ಆ ವಿವರವೂ ಉದುರಿ ಹೋಗುತ್ತೆ. ಹತ್ತು ಗ್ರೂಪ್ ದಾಟಿ ಬಂದ ಫೋಟೋ ಯಾರು ತೆಗೆದದ್ದು, ಯಾವ ಊರಿನದು ಅಂತ ಹೇಳೋರೇ ಇರಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಮೂಲ ಫೈಲ್ ಹಾಗೇ ಹೋಗುತ್ತೆ. ಮದುವೆ ಫೋಟೋನಾದರೂ ಹಾಗೆ ಕಳಿಸಿ.

ಇನ್ನು "ಶಾಶ್ವತ" ಅನ್ನೋ ಮಾತು. ನಮ್ಮ ಶಾಸನಗಳಲ್ಲಿ ಆಚಂದ್ರಾರ್ಕ ಅನ್ನೋ ಪದ ಬರುತ್ತೆ. ಸೂರ್ಯಚಂದ್ರರು ಇರೋ ತನಕ ಈ ದಾನ ನಡೀಲಿ ಅಂತ. ದಾನಕ್ಕೆ ಕೈ ಹಾಕಿದವರಿಗೆ ಶಾಪವನ್ನೂ ಬರೆದಿರ್ತಾರೆ. ಇಷ್ಟು ಗಟ್ಟಿಯಾಗಿ ಹೇಳಿದ ಕಾಲದಲ್ಲೂ ಏನಾಯ್ತು? ಸೋಮನಾಥಪುರದ ಕಥೆಯನ್ನೇ ತಗೊಳ್ಳಿ. ನೂರು ವರ್ಷ ತುಂಬೋ ಮೊದಲೇ ಹೊಯ್ಸಳರ ಆಳ್ವಿಕೆ ಮುಗಿಯಿತು. ಗುಡಿಯ ಸುತ್ತ ಇರೋ ಕೈಸಾಲೆಯ 64 ಕೋಣೆಗಳು ಇವತ್ತು ಖಾಲಿ. ಎಲ್ಲಕ್ಕಿಂತ ದೊಡ್ಡ ನಷ್ಟ ನಡುವಿನ ಗರ್ಭಗುಡಿಯದು. ಗುಡಿಗೆ ಹೆಸರು ಕೊಟ್ಟ ಮೂಲ ಕೇಶವ ಮೂರ್ತಿಯೇ ಇಲ್ಲ. ಈಗ ಅಲ್ಲಿರೋದು ಆಮೇಲೆ ಇಟ್ಟದ್ದು.

ನಮ್ಮ ಕಾಲದ ಆಚಂದ್ರಾರ್ಕಗಳು ಇನ್ನೂ ಬೇಗ ಮುಗಿದವು. ಆರ್ಕುಟ್ 2004ರಲ್ಲಿ ಬಂತು, 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಫೋಟೋ ಇಳಿಸಿಕೊಳ್ಳೋಕೆ ಎರಡು ವರ್ಷ ಸಮಯವನ್ನೇನೋ ಕೊಟ್ಟಿದ್ದರು. ಎಷ್ಟು ಜನ ನೆನಪಿಟ್ಟು ಇಳಿಸಿಕೊಂಡರು? ನಿಮ್ಮ ಅಣ್ಣಂದಿರನ್ನ, ಅಕ್ಕಂದಿರನ್ನ ಕೇಳಿ ನೋಡಿ. 2013ರಲ್ಲಿ ಫ್ಲಿಕರ್ ಎಲ್ಲರಿಗೂ 1 ಟೆರಾಬೈಟ್ ಉಚಿತ ಅಂದಿತ್ತು. 2018ರ ನವೆಂಬರ್‌ನಲ್ಲಿ ಹೊಸ ಮಾಲೀಕರು ಉಚಿತ ಖಾತೆಗೆ 1,000 ಫೋಟೋ ಮಿತಿ ಹಾಕಿ, ಹೆಚ್ಚಿನವನ್ನ ಅಳಿಸ್ತೀವಿ ಅಂದ್ರು. ಗೂಗಲ್ ಫೋಟೋಸ್ 2015ರಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹ ಅಂತ ಶುರುವಾಯ್ತು. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ 15 ಜಿಬಿ ಲೆಕ್ಕಕ್ಕೆ ಬಂದವು. ಜಿಮೇಲ್, ಡ್ರೈವ್ ಎಲ್ಲ ಸೇರಿ ಆ 15 ಜಿಬಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಗಳನ್ನ ಅಳಿಸಬಹುದು ಅನ್ನೋ ನಿಯಮವೂ 2023ರಲ್ಲಿ ಬಂತು.

ಇವರನ್ನೆಲ್ಲ ಬೈಯೋಕೆ ಇದನ್ನ ಹೇಳ್ತಿಲ್ಲ. ಖರ್ಚು ಇದ್ದೇ ಇರುತ್ತೆ, ಅದನ್ನ ಯಾರೂ ಸೂರ್ಯಚಂದ್ರರಿರೋ ತನಕ ಸುಮ್ಮನೆ ಹೊರಲ್ಲ. ನನ್ನದೇ ಒಂದು ತಪ್ಪಿನಿಂದ ಇದು ನನಗೆ ಅರ್ಥವಾಯ್ತು.

2009ರಲ್ಲಿ ಅಜ್ಜಿಯನ್ನ ಸೋಮನಾಥಪುರಕ್ಕೆ ಕರ್ಕೊಂಡು ಹೋಗಿದ್ವಿ. ಜಗತಿಯ ಮೆಟ್ಟಿಲ ಮೇಲೆ ಕೂತು ಕಡಲೆಪುರಿ ತಿನ್ನುತ್ತಾ ಏನಕ್ಕೋ ನಗ್ತಿದ್ದಾಗ ಒಂದು ಫೋಟೋ ತೆಗೆದೆ. ಕ್ಯಾಮೆರಾ ಕಂಡರೆ ಬಿಗಿದುಕೊಂಡು ಕೂರೋ ಅಜ್ಜಿ ನಗ್ತಾ ಇರೋ ಫೋಟೋ ಅದೊಂದೇ. ಮನೆಗೆ ಬಂದು ಒಂದು ಉಚಿತ ಆಲ್ಬಮ್ ಸೈಟ್‌ಗೆ ಹಾಕಿದೆ. ಅದರ ಹೆಸರು ಬೇಡ. ಅಪ್‌ಲೋಡ್ ಆಗಿದೆಯಲ್ಲ ಅಂತ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದೆ. ಮುಂದೆ ಮೊಬೈಲ್ ನಂಬರ್ ಬದಲಾಯ್ತು, ಇಮೇಲ್ ಬದಲಾಯ್ತು. ಅಜ್ಜಿ ತೀರಿಕೊಂಡಾಗ ಪೂಜೆಗೆ ಇಡೋಕೆ ಆ ಫೋಟೋ ಹುಡುಕಿದೆ. ಪಾಸ್‌ವರ್ಡ್ ನೆನಪಿಲ್ಲ. ಓಟಿಪಿ ಹೋಗ್ತಿದ್ದದ್ದು ನಾನು ಬಿಟ್ಟ ನಂಬರ್‌ಗೆ. ಬಿಟ್ಟ ನಂಬರನ್ನ ಕನಿಷ್ಠ 90 ದಿನ ಯಾರಿಗೂ ಕೊಡಲ್ಲ, ಆಮೇಲೆ ಇನ್ನೊಬ್ಬರಿಗೆ ಕೊಡಬಹುದು. ನನ್ನದೂ ಯಾರದ್ದೋ ಆಗಿತ್ತು. ಸ್ವಲ್ಪ ದಿನಕ್ಕೆ ಆ ಸೈಟೇ ಇಲ್ಲವಾಯ್ತು.

ಕೊನೆಗೆ ಫೋಟೋ ಸಿಕ್ಕಿದ್ದು ದೊಡ್ಡವ್ವನ ಮನೆಯ ಶೋಕೇಸಿನಲ್ಲಿ. ಆಗಲೇ ಅವರು "ನನಗೊಂದು ಪ್ರಿಂಟು ಹಾಕಿಸ್ಕೊಡು ಮಗಾ" ಅಂತ ಕೇಳಿದ್ದರು. "ಕಂಪ್ಯೂಟರ್‌ನಲ್ಲೇ ನೋಡಬೋದಲ್ಲ ದೊಡ್ಡವ್ವ" ಅಂದಿದ್ದೆ. "ನಿನ್ನ ಕಂಪ್ಯೂಟ್ರು ನಿನ್ ಮನೇಲಿರ್ತದೆ, ನನ್ ಕಣ್ಮುಂದೆ ಇರ್ತದಾ?" ಅಂದ್ರು. ಬೈಸಿಕೊಳ್ಳೋದು ಬೇಡ ಅಂತ ನರಸೀಪುರದ ಸ್ಟುಡಿಯೋದಲ್ಲಿ ಒಂದು ಪ್ರಿಂಟ್ ಹಾಕಿಸಿ ಕೊಟ್ಟಿದ್ದೆ. ಬಣ್ಣ ಸ್ವಲ್ಪ ಮಾಸಿತ್ತು. ಹಿಂದೆ ತಿರುಗಿಸಿದ್ರೆ ದೊಡ್ಡವ್ವನ ಅಕ್ಷರ: ಅವ್ವ, ಸೋಮನಾಥಪುರ, 2009. ಉಳಿಯಬೇಕು, ಯಾರದ್ದು ಅಂತ ಗೊತ್ತಾಗಬೇಕು, ಬೇಕಾದವರ ಕೈಗೆ ಸೇರಬೇಕು. ನಾನು ಸೈಟಿನಿಂದ ಬಯಸಿದ್ದ ಮೂರೂ ಅಲ್ಲಿತ್ತು.

ಇತಿಹಾಸದಲ್ಲೂ ಇದೇ ನಡೆದಿದೆ. ಸೋಮನಾಥ ದಂಡನಾಯಕನ ವಿಚಾರ ಹೇಳೋ ಶಾಸನ ಸೋಮನಾಥಪುರದಲ್ಲಷ್ಟೇ ಇಲ್ಲ, ದೂರದ ತುಂಗಭದ್ರೆ ದಡದ ಹರಿಹರದ ಹರಿಹರೇಶ್ವರ ಗುಡಿಯಲ್ಲೂ ಇದೆ. ಒಂದು ಕಡೆ ಹೋದರೂ ಇನ್ನೊಂದು ಕಡೆ ಸುಳಿವು ಸಿಗುತ್ತೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಾಡಿನ ಸುಮಾರು 9,000 ಶಾಸನಗಳು ಅಚ್ಚಾದವು. ನರಸೀಪುರ ತಾಲ್ಲೂಕಿನವು 1894ರ ಸಂಪುಟದಲ್ಲಿವೆ. ಆಮೇಲೆ ಎಷ್ಟೋ ಕಲ್ಲುಗಳು ರಸ್ತೆಗೆ, ಸೈಟಿಗೆ, ಮನೆಯ ಪಾಯಕ್ಕೆ ಹೋದವು. ಬೆಂಗಳೂರಿನ ಸುತ್ತ ಅಂಥವು ಬಹಳ. ಕಲ್ಲು ಹೋದರೂ ಪುಸ್ತಕದಲ್ಲಿ ಪಾಠ ಉಳೀತು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಉಳಿದಿರೋ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಾ ಇದೆ. ಅಂದ್ರೆ ಕಲ್ಲನ್ನೂ ಒಂಟಿಯಾಗಿ ನಂಬಬಾರದು, ಪುಸ್ತಕವನ್ನೂ, ಕ್ಲೌಡನ್ನೂ.

ಫ್ಲಿಕರ್ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದೆ. 1,000ದ ಮಿತಿ ಹಾಕಿದಾಗ ಅವರು ಒಂದು ವಿನಾಯಿತಿ ಕೊಟ್ಟರು. ಅದಕ್ಕೆ ಮುಂಚೆಯೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಂಚಿದ ಫೋಟೋಗಳನ್ನ ಅಳಿಸಲ್ಲ ಅಂದ್ರು. ಆ ಪರವಾನಗಿಗಳ ಮಾಮೂಲಿ ಷರತ್ತು ಏನು ಗೊತ್ತಾ? ಯಾರು ಬೇಕಾದರೂ ಬಳಸಿ, ತೆಗೆದವರ ಹೆಸರು ಹಾಕಿ. ಮಲ್ಲಿತಮ್ಮ ಪೀಠದ ಮೇಲೆ ಕೆತ್ತಿದ್ದೂ ಹೆಸರೇ. ಸೋಮನಾಥಪುರದ ಒಳ್ಳೆ ಫೋಟೋ ನಿಮ್ಮ ಹತ್ತಿರ ಇದ್ದರೆ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿ. ಆದರೆ ಮನೆಯವರ ಫೋಟೋ ಅಲ್ಲಿಗೆ ಬೇಡ, ಅದು ಮನೆಯವರಿಗೇ ಇರಲಿ.

ಕೇಳುಗರು "ಹಾಗಾದ್ರೆ ಏನ್ ಮಾಡೋಣ ಹೇಳಿ" ಅಂತ ಕೇಳ್ತೀರಿ. ನಾನು ಮಾಡೋದನ್ನ ಹೇಳ್ತೀನಿ. ಕ್ಲೌಡ್ ಇರಲಿ, ಜೊತೆಗೆ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್, ಊರಲ್ಲಿ ನೆಂಟರ ಮನೆಯಲ್ಲಿ ಇನ್ನೊಂದು ಪ್ರತಿ. ವರ್ಷಕ್ಕೊಮ್ಮೆ, ಆಯುಧಪೂಜೆ ದಿನ, ಎಲ್ಲ ಇಳಿಸಿಕೊಳ್ತೀನಿ. ಗೂಗಲ್‌ನಲ್ಲಿ ಅದಕ್ಕೆ ಟೇಕ್‌ಔಟ್ ಅನ್ನೋ ಸೌಲಭ್ಯ ಇದೆ. ನಂಬರ್ ಬದಲಾದ ದಿನವೇ ಖಾತೆಯಲ್ಲೂ ಬದಲಾಯಿಸ್ತೀನಿ. ನನ್ನ ನಂತರ ಯಾರಿಗೆ ಸೇರಬೇಕು ಅಂತಲೂ ಬರೆದಿಟ್ಟಿದ್ದೀನಿ. ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್, ಆಪಲ್‌ನ ಲೆಗಸಿ ಕಾಂಟ್ಯಾಕ್ಟ್ ಇರೋದು ಅದಕ್ಕೇ. ವರ್ಷಕ್ಕೆ ಹತ್ತೇ ಹತ್ತು ಫೋಟೋ ಪ್ರಿಂಟ್ ಹಾಕಿಸಿ ಹಿಂದೆ ಹೆಸರು, ಊರು, ವರ್ಷ ಬರೀತೀನಿ.

ಆವತ್ತು ಜಗತಿಯ ಮೇಲೆ ಆ ಹುಡುಗರು ಕೊನೆಗೂ ಫೋಟೋ ತೆಗೆದುಕೊಂಡರು. ಅವರು ನಿಂತಿದ್ದ ಗೋಡೆಯ ಹಿಂದೆಯೇ ಒಂದು ಪೀಠದ ಮೇಲೆ ಸಣ್ಣ ಅಕ್ಷರ ಇತ್ತು. ತೋರಿಸಿದೆ. ಫೋನ್ ಹಿಡಿದಿದ್ದವನು ಬಗ್ಗಿ ನೋಡಿ, ಅದರದ್ದೂ ಒಂದು ಫೋಟೋ ತೆಗೆದ. ಅದಕ್ಕೆ ಜಾಗ ಮಾಡೋಕೆ ಏನನ್ನ ಡಿಲೀಟ್ ಮಾಡಿದನೋ, ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಹಿಂದೆ ಹೆಸರು ಬರೆದಿರೋ ಹಳೇ ಫೋಟೋ ಇದ್ಯಾ? ಇವತ್ತು ಸಂಜೆ ಒಂದ್ಸಲ ತಿರುಗಿಸಿ ನೋಡಿ. ಹೆಸರಿಲ್ಲದಿದ್ದರೆ, ಹೇಳೋರು ಇನ್ನೂ ಮನೆಯಲ್ಲಿ ಇದ್ದಾಗಲೇ ಕೇಳಿ ಬರೆದಿಡಿ. ಮುಂದಿನ ಕಂತಿನಲ್ಲಿ ಸಿಗೋಣ.