ಹಳೆಯ ಬೇಟೆ ಚಾಕುಗಳ ಸಂಗ್ರಹ: ಅಮೆರಿಕದ ಒಂದು ಹವ್ಯಾಸದ ಚರಿತ್ರೆ

ಮಡಚಲು ಬಾರದ, ಒರೆಗೆ ಸೇರಿಸಿ ಸೊಂಟಕ್ಕೆ ಕಟ್ಟಿಕೊಳ್ಳುವ ಹಳೆಯ ಬೇಟೆ ಚಾಕುಗಳನ್ನು ಹುಡುಕಿ, ಗುರುತಿಸಿ, ಜೋಪಾನ ಮಾಡುವ ಹವ್ಯಾಸವಿದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುರಿಗಟ್ಟಿತು. ಪ್ರಾಣಿಯನ್ನು ಕೆಡವುವುದು ಕೋವಿಯ ಪಾಲು. ಹೊಟ್ಟೆ ಸೀಳುವುದು, ಚರ್ಮ ಸುಲಿಯುವುದು, ಕೀಲು ಬಿಡಿಸುವುದು ಚಾಕುವಿನ ಪಾಲು. ಅದರ ಅಲಗು ಸಾಮಾನ್ಯವಾಗಿ ನಾಲ್ಕರಿಂದ ಆರು ಇಂಚು. ಅದೇ ಉಕ್ಕು ಹಿಡಿಯೊಳಗೂ ಮುಂದುವರಿಯುವುದರಿಂದ ಸಡಿಲವಾಗುವ ತಿರುಗಣಿಯಿಲ್ಲ, ನೆತ್ತರು ಕೊಬ್ಬು ಸೇರಿಕೊಳ್ಳುವ ಸಂದಿಯೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬೇಟೆಗಾರನ ಸೊಂಟದಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಕಸಾಯಿ ಚಾಕುವೇ. ಜಾನ್ ರಸೆಲ್ 1834ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ರೀನ್‌ಫೀಲ್ಡ್‌ನಲ್ಲಿ ಶುರುಮಾಡಿದ ಕಾರ್ಖಾನೆಯ ‘ಗ್ರೀನ್ ರಿವರ್’ ಅಚ್ಚಿನ ಸಾದಾ ಚಾಕುಗಳು ಅಡುಗೆಮನೆಗೂ ಹೋದವು, ತುಪ್ಪಳದ ವ್ಯಾಪಾರಿಗಳ ಜೊತೆ ಪಶ್ಚಿಮದ ಕಾಡಿಗೂ ಹೋದವು. ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಬರುತ್ತಿದ್ದ ಉದ್ದ ಅಲಗಿನ ಬೋವಿ ಚಾಕುಗಳಿಗೆ ಠೀವಿ ಹೆಚ್ಚು; ಆದರೆ ಜಿಂಕೆಯ ಚರ್ಮ ಸುಲಿಯಲು ಅಷ್ಟುದ್ದದ ಅಲಗು ತೊಡಕೇ.

ಒಬ್ಬರನ್ನು ನೋಡಿ ಇನ್ನೊಬ್ಬರು

ಬೇಟೆಗೆಂದೇ ರೂಪಿಸಿದ ಚಾಕುವನ್ನು ಅಮೆರಿಕದ ಅಂಗಡಿಗಳಿಗೆ ತಲುಪಿಸಿದವರಲ್ಲಿ ಮೊದಲ ಹೆಸರು ವೆಬ್‌ಸ್ಟರ್ ಮಾರ್ಬಲ್. ಮಿಷಿಗನ್ನಿನ ಕಾಡುಗಳಲ್ಲಿ ಮರಗಳ ಅಂದಾಜು ಹಾಕುತ್ತ ತಿರುಗಿದ ಈತ, 1898ರಲ್ಲಿ ಗ್ಲ್ಯಾಡ್‌ಸ್ಟೋನ್ ಊರಿನಲ್ಲಿ ಬಾಯಿಗೆ ಮುಚ್ಚಳವಿರುವ ಕೈಗೊಡಲಿ ಮಾಡಿ ಮಾರತೊಡಗಿದ. 1900ರ ಆಸುಪಾಸಿನಲ್ಲಿ ‘ಐಡಿಯಲ್’ ಚಾಕು ಬಂತು. ಅಲಗಿನ ಎರಡೂ ಮೈಗೆ ಅಗಲವಾದ ತೋಡು. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ, ಒತ್ತಿ, ನುಣುಪು ಮಾಡಿದ ಹಿಡಿ. ಒದ್ದೆಗೈಯಲ್ಲೂ ಜಾರದ ಆ ಹಿಡಿಯನ್ನು ಮುಂದೆ ಅಮೆರಿಕದ ಹತ್ತಾರು ಕಂಪನಿಗಳು ಅನುಸರಿಸಿದವು. ಅಗಲ ಹೊಟ್ಟೆಯ ‘ವುಡ್‌ಕ್ರಾಫ್ಟ್’ ಮಾದರಿಗೆ 1916ರಲ್ಲಿ ಪೇಟೆಂಟ್ ಸಿಕ್ಕಿತು.

ಅದೇ ಮಿಷಿಗನ್ನಿನ ಫ್ರೂಟ್‌ಪೋರ್ಟ್‌ನಲ್ಲಿ ವಿಲಿಯಂ ಸ್ಕೇಗಲ್ ಒಬ್ಬನೇ ಕುಲುಮೆಯ ಮುಂದೆ ಕೂತಿದ್ದ. ಚರ್ಮದ ಬಿಲ್ಲೆಗಳ ತುದಿಗೆ ಜಿಂಕೆಗೊಂಬಿನ ತುಂಡು ಜೋಡಿಸಿ, ಅಲಗಿನ ಮೇಲೆ ಪುಟ್ಟ ಕ್ರಿಸ್ ಕಠಾರಿಯ ಗುರುತು ಒತ್ತುತ್ತಿದ್ದ. ನ್ಯೂಯಾರ್ಕಿನ ‘ಅಬರ್‌ಕ್ರಾಂಬಿ ಅಂಡ್ ಫಿಚ್’ ಅಂಗಡಿ ಅವನ್ನು ಸಿರಿವಂತ ಬೇಟೆಗಾರರಿಗೆ ಮಾರುತ್ತಿತ್ತು. 1930ರ ದಶಕದಲ್ಲಿ ಫ್ಲಾರಿಡಾದ ಕಿತ್ತಳೆ ತೋಟದ ಮಾಲೀಕ ಡಬ್ಲ್ಯು. ಡಿ. ‘ಬೋ’ ರ‍್ಯಾಂಡಲ್, ಮಿಷಿಗನ್ನಿನ ವಲೂನ್ ಸರೋವರದ ದಂಡೆಯಲ್ಲಿ ಯಾರೋ ದೋಣಿಯ ಹಳೆಯ ಬಣ್ಣವನ್ನು ಚಾಕುವಿನಿಂದ ಕೆರೆಯುವುದನ್ನು ಕಂಡ. ಅಷ್ಟು ಒರಟು ಕೆಲಸಕ್ಕೂ ಬಾಯಿ ಮೊಂಡಾಗಿರಲಿಲ್ಲ. ಅದು ಸ್ಕೇಗಲ್ ಚಾಕು. ಅದನ್ನು ಕೊಂಡು ಊರಿಗೆ ಹೋದ ರ‍್ಯಾಂಡಲ್ ತಾನೂ ಉಕ್ಕು ಬಡಿಯಲು ಕೂತ. ಆರ್ಲಾಂಡೋದಲ್ಲಿ ಬಿಡುವಿನ ಗೀಳಾಗಿ ಶುರುವಾದದ್ದು ಎರಡನೆಯ ಮಹಾಯುದ್ಧದ ಸೈನಿಕರ ಕೈಗೆ ಹೋಗಿ ಹೆಸರು ಮಾಡಿತು.

ಸರಪಳಿಯ ಮುಂದಿನ ಕೊಂಡಿ ಹಡಗಿನಿಂದ ಬಂತು. 1950ರ ದಶಕದ ಮೊದಲ ವರ್ಷಗಳಲ್ಲಿ ಬಾಬ್ ಲವ್‌ಲೆಸ್ ಎಂಬ ನಾವಿಕ ರ‍್ಯಾಂಡಲ್ ಚಾಕು ಕೊಳ್ಳಲು ಅದೇ ನ್ಯೂಯಾರ್ಕ್ ಅಂಗಡಿಗೆ ಹೋದಾಗ, ತಿಂಗಳುಗಟ್ಟಲೆ ಕಾಯಬೇಕೆಂಬ ಉತ್ತರ ಸಿಕ್ಕಿತು. ಆತ ಗುಜರಿಯಿಂದ ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ತಂದು ತಾನೇ ಅಲಗು ಮಾಡಿಕೊಂಡ. ಸ್ವಲ್ಪ ಸಮಯದಲ್ಲೇ ಅಂಗಡಿ ಅವನ ಚಾಕುಗಳನ್ನೂ ಮಾರತೊಡಗಿತು. ಬೆನ್ನು ಮೆಲ್ಲಗೆ ಬಾಗಿ ತುದಿ ತುಸು ಕೆಳಗಿಳಿಯುವ ಅವನ ‘ಡ್ರಾಪ್ ಪಾಯಿಂಟ್’ ಮಾದರಿ ಇಂದು ಎಲ್ಲ ಕಡೆ ಅನುಕರಣೆಗೆ ಒಳಗಾಗಿದೆ. ಹೊಟ್ಟೆ ಸೀಳುವಾಗ ಕರುಳಿಗೆ ಮೊನೆ ತಾಗುವ ಭಯ ಈ ಆಕಾರದಲ್ಲಿ ಕಡಿಮೆ. 1970ರಲ್ಲಿ ಚಾಕು ತಯಾರಕರ ಗಿಲ್ಡ್ ಕಟ್ಟಿದವರಲ್ಲಿ ಲವ್‌ಲೆಸ್ ಪ್ರಮುಖ.

ಕೆಲಸದಿಂದ ಕಪಾಟಿಗೆ

1964ರಲ್ಲಿ ಬಕ್ ಕಂಪನಿ ‘110’ ಎಂಬ ಮಡಚುವ ಬೇಟೆ ಚಾಕುವನ್ನು ಮಾರುಕಟ್ಟೆಗೆ ಬಿಟ್ಟಿತು. ತೆರೆದಾಗ ಅಲಗು ಗಟ್ಟಿಯಾಗಿ ಕಚ್ಚಿಕೊಳ್ಳುವ ಆ ಚಾಕು ಬೆಲ್ಟಿನ ಪುಟ್ಟ ಚೀಲದಲ್ಲಿ ಹಿಡಿಯುತ್ತಿತ್ತು. ಅನೇಕ ಬೇಟೆಗಾರರು ಅದಕ್ಕೇ ಹೊರಳಿದರು. ಅಪ್ಪ, ಅಜ್ಜಂದಿರ ಒರೆಚಾಕುಗಳು ಪೆಟ್ಟಿಗೆಯ ತಳ ಸೇರಿದವು.

ಸಂಗ್ರಹದ ಗೀಳು ಹತ್ತಿದ್ದೂ ಹೆಚ್ಚುಕಡಿಮೆ ಆಗಲೇ. 1968ರ ಬಂದೂಕು ನಿಯಂತ್ರಣ ಕಾಯ್ದೆ ಕೋವಿಗಳ ಕೊಡುಕೊಳ್ಳುವಿಕೆಯನ್ನು ಬಿಗಿಗೊಳಿಸಿದ್ದರಿಂದ ಹಲವರು ಚಾಕುಗಳತ್ತ ತಿರುಗಿದರು ಎಂಬುದು ಸಂಗ್ರಾಹಕರು ಸಾಮಾನ್ಯವಾಗಿ ಕೊಡುವ ಕಾರಣ. 1972ರಲ್ಲಿ ಸಂಗ್ರಾಹಕರ ರಾಷ್ಟ್ರೀಯ ಸಂಘ ಹುಟ್ಟಿತು. ಮರುವರ್ಷ ‘ದಿ ಅಮೆರಿಕನ್ ಬ್ಲೇಡ್’ ಪತ್ರಿಕೆ.

ಸಂಗ್ರಾಹಕ ಮೊದಲು ನೋಡುವುದು ಅಲಗಿನ ಬುಡದ ಅಚ್ಚನ್ನು. ಮಾರ್ಬಲ್ ಚಾಕುವಿನ ಮೇಲೆ ‘ಎಂ.ಎಸ್.ಎ.’ ಎಂದಿದ್ದರೆ ಅದು ಮೊದಲ ಕಾಲದ ‘ಮಾರ್ಬಲ್ ಸೇಫ್ಟಿ ಆಕ್ಸ್’ ಹೆಸರಿನ ಗುರುತು. ಕಂಪನಿ 1911ರಲ್ಲಿ ಹೆಸರು ಬದಲಿಸಿತು. ಜರ್ಮನಿಯ ಜೋಲಿಂಗನ್ನಿನ ಪ್ಯೂಮಾ ಚಾಕುಗಳಲ್ಲಿ 1964ರಿಂದೀಚೆಗೆ ತಯಾರಿಕೆಯ ಕಾಲವನ್ನು ಸೂಚಿಸುವ ಅಂಕಿಗಳಿವೆ. ಅಲಗಿನ ಮೇಲೆ ಗಡಸುತನ ಪರೀಕ್ಷಿಸಿದ ಸಣ್ಣ ಕುಳಿಯೂ ಇರುತ್ತದೆ. ಒರೆಯೂ ಸಾಕ್ಷಿ ಹೇಳುತ್ತದೆ. ಡೆನ್ವರ್‌ನ ಹೈಸರ್ ಮುದ್ರೆಯ ಒರೆ ಇದ್ದರೆ ರ‍್ಯಾಂಡಲ್ ಚಾಕು ಸಾಮಾನ್ಯವಾಗಿ 1960ರ ದಶಕದ ಆರಂಭಕ್ಕಿಂತ ಹಿಂದಿನದು. ಚಾಕುವಿನ ಜೊತೆ ಹುಟ್ಟಿದ ಒರೆ ಕಳೆದುಹೋಗಿದ್ದರೆ ಬೆಲೆ ಇಳಿಯುತ್ತದೆ.

ಸಾಣೆ ಹಿಡಿದು ಹಿಡಿದು ಸವೆದ ಅಲಗಿಗಿಂತ ಮೂಲ ಅಗಲ ಉಳಿಸಿಕೊಂಡ ಅಲಗಿಗೆ ಮಾನ ಹೆಚ್ಚು. ಹಾಗೆಂದು ಹಳೆಯ ಉಕ್ಕಿಗೆ ತಾನಾಗಿ ಬಂದ ಬೂದುಗಪ್ಪು ಛಾಯೆಯನ್ನು ಯಂತ್ರದಲ್ಲಿ ಉಜ್ಜಿ ಫಳಫಳ ಹೊಳೆಸಿದರೆ, ಅಚ್ಚು ಮಾಸಿ ಚಾಕು ಅರ್ಧ ಬೆಲೆಗೂ ಬಾಳದೆ ಹೋಗಬಹುದು. ಸ್ಕೇಗಲ್‌ನಂಥ ಹೆಸರುಗಳಲ್ಲಿ ನಕಲಿಗಳ ಕಾಟವಿದೆ. ಹೊಸ ಅಲಗಿಗೆ ಹಳೆಯ ಬಣ್ಣ ಬರಿಸುವುದು ಕಷ್ಟವಲ್ಲ.

ಇನ್ನೊಂದು ಶತ್ರು ಒರೆಯೇ. ಹದಮಾಡಿದ ಚರ್ಮದಲ್ಲಿ ಉಳಿದ ಆಮ್ಲ ಮತ್ತು ತೇವ ಉಕ್ಕಿಗೆ ತುಕ್ಕು ತರುತ್ತವೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತವೆ. ಆದ್ದರಿಂದ ಚಾಕುವನ್ನೂ ಒರೆಯನ್ನೂ ಬೇರೆಬೇರೆ ಇಟ್ಟು, ಅಲಗಿಗೆ ತೆಳುವಾಗಿ ಮೇಣ ಸವರುತ್ತಾರೆ. ಸೆಲ್ಯುಲಾಯ್ಡ್ ಹಿಡಿಯ ಚಾಕುಗಳಿಗಂತೂ ಪ್ರತ್ಯೇಕ ಜಾಗ ಬೇಕು. ಅದು ಕೊಳೆಯುವಾಗ ಹೊಮ್ಮುವ ಆಮ್ಲದ ಆವಿ ಪಕ್ಕದ ಚಾಕುಗಳನ್ನೂ ತಿನ್ನುತ್ತದೆ.

ಕಡವೆಯ ಕೊಂಬು

ಈ ಕಪಾಟುಗಳಲ್ಲಿ ಭಾರತದ ಕಾಡಿಗೂ ಒಂದು ಪಾಲಿದೆ. ಶೆಫೀಲ್ಡ್, ಜೋಲಿಂಗನ್ ಮತ್ತು ಅಮೆರಿಕದ ತಯಾರಕರು ಹಿಡಿಗೆ ಬಹುವಾಗಿ ಮೆಚ್ಚಿದ್ದು ಇಲ್ಲಿನ ಕಡವೆಯ ಕೊಂಬನ್ನು. ಅದರ ಹೊರಮೈ ತರಿತರಿಯಾಗಿದ್ದು ಕೈಗೆ ಕಚ್ಚಿಕೊಳ್ಳುತ್ತದೆ. ಗಟ್ಟಿ ಭಾಗ ದಪ್ಪವಾಗಿರುವುದರಿಂದ ಕೊರೆದು ಕೂರಿಸಲು ಸುಲಭ. ಕರ್ನಾಟಕದ ಬಂಡೀಪುರ, ನಾಗರಹೊಳೆಗಳಲ್ಲೂ ಕಡವೆಗಳು ಪ್ರತಿವರ್ಷ ಕೊಂಬು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ಉದುರಿದ ಕೊಂಬಿನ ನೆಪದಲ್ಲಿ ಕಳ್ಳಬೇಟೆಯ ಕೊಂಬೂ ಸಾಗಬಹುದಾದ್ದರಿಂದ ಭಾರತ 1990ರ ದಶಕದ ಕೊನೆಗೆ ಇದರ ರಫ್ತನ್ನು ನಿಲ್ಲಿಸಿತು. ತಯಾರಕರು ಎಲ್ಕ್ ಕೊಂಬು, ಮೂಳೆ, ಮೈಕಾರ್ಟಾ ಎಂಬ ಕೃತಕ ವಸ್ತು ಇವುಗಳತ್ತ ತಿರುಗಿದರು. ನಿಷೇಧಕ್ಕೆ ಮುಂಚಿನ, ಕಡವೆಗೊಂಬಿನ ಹಿಡಿಯಿರುವ ಚಾಕುಗಳನ್ನು ಸಂಗ್ರಾಹಕರು ಇಂದು ಬೇರೆಯೇ ಸಾಲಿನಲ್ಲಿ ಜೋಡಿಸಿಡುತ್ತಾರೆ.