ಕೆರೆಯ ದಡದ ಎಲ್ಲೆ

ಕಡಲತೀರದಲ್ಲಿ ಮನೆ ಕಟ್ಟುವವರಿಗೂ ಅಲ್ಲಿಯ ಪ್ರಾಣಿಪಕ್ಷಿಗಳ ನೆಲೆಯನ್ನು ಕಾಪಾಡಬೇಕೆನ್ನುವವರಿಗೂ ನ್ಯಾಯಸ್ಥಾನಗಳಲ್ಲಿ ವ್ಯಾಜ್ಯಗಳು ನಡೆಯುವುದನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಓದಿಯೇ ಇರುವರು. ಕಡಲಿಲ್ಲದ ಬೆಂಗಳೂರಿಗೆ ಈ ಚರ್ಚೆಯೇಕೆಂದು ಯಾರಾದರೂ ಕೇಳಬಹುದು. ನಮಗೆ ಕಡಲಿಲ್ಲವಾದರೂ ದಡವುಂಟು. ಅದು ಕೆರೆಯ ದಡ. ಆ ದಡದ ಎಲ್ಲೆ ಎಲ್ಲಿಗೆ ಮುಗಿಯುವುದು, ಅದನ್ನು ಗೊತ್ತುಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆಯು ನಮ್ಮ ನಗರದ ಪೂರ್ವಭಾಗದಲ್ಲಿ ಹುಟ್ಟಿ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದರ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಹಲಸೂರು ಕೆರೆಯಿಂದ ಆರಂಭಿಸುವುದು ಯುಕ್ತ. ೧೮೦೯ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದಿಂದ ಬಂದು ನೆಲೆಯೂರಿದುದು ಈ ಕೆರೆಯ ನೆರೆಯಲ್ಲಿ. ಇದರ ಹೆಚ್ಚಿನ ನೀರು ಆಗ್ನೇಯಕ್ಕೆ ಹರಿದು ಬೆಳ್ಳಂದೂರು ಕೆರೆಯನ್ನೂ, ಅಲ್ಲಿಂದ ವರ್ತೂರು ಕೆರೆಯನ್ನೂ ತುಂಬಿ, ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುವುದು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಜೀವ. ಎರಡನ್ನೂ ಕೂಡಿಸುವ ನಾಳವೇ ರಾಜಕಾಲುವೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ನಿಷ್ಪ್ರಯೋಜಕವಾಗುವುವು. ಇದು ನಿನ್ನೆ ಮೊನ್ನೆಯ ಏರ್ಪಾಡಲ್ಲ. ಬೆಳ್ಳಂದೂರಿಗೆ ಸಮೀಪದ ಅಗರದಲ್ಲಿ ದೊರೆತ ಗಂಗರ ಕಾಲದ ಶಾಸನವು ಕೆರೆ ಕಟ್ಟಿಸಿದುದನ್ನೂ ತೂಬು ಇಡಿಸಿದುದನ್ನೂ ಪುಣ್ಯಕಾರ್ಯವೆಂದು ಹೇಳಿಕೊಳ್ಳುತ್ತದೆ.

ನಮ್ಮ ಪೂರ್ವಿಕರು ಕೆರೆಯನ್ನು ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಅದರ ಸಂರಕ್ಷಣೆಗೆಂದು ಬಿತ್ತುವಟ್ಟವೆಂಬ ಭೂಮಿಯನ್ನು ಬಿಟ್ಟರು; ಕಟ್ಟಿಸಿದವರಿಗೆ ಕಟ್ಟುಕೊಡಗೆಯನ್ನು ಕೊಟ್ಟರು; ನೀರನ್ನು ಹಂಚಲು ನೀರುಗಂಟಿಯನ್ನು ನೇಮಿಸಿದರು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಹೆಸರುಗಳ ಜೊತೆಗೆ ಕೆರೆಯಂಗಳವೆಂಬ ಮತ್ತೊಂದು ಹೆಸರೂ ಇದ್ದಿತು. ಮಳೆಗಾಲದಲ್ಲಿ ನೀರು ಮುಳುಗಿಸಿ ಬೇಸಗೆಯಲ್ಲಿ ಬಿಟ್ಟುಕೊಡುವ ನೆಲವೇ ಅಂಗಳ. ನೀರಿದ್ದಾಗ ಅದು ಮೀನಿನದು, ಹಕ್ಕಿಯದು; ಇಲ್ಲದಾಗ ದನಕರುಗಳದು, ಹೂಳೆತ್ತುವ ರೈತನದು. ಯಾರ ಸ್ವತ್ತೂ ಅಲ್ಲದ, ಎಲ್ಲರ ಉಪಯೋಗಕ್ಕೂ ಒದಗುತ್ತಿದ್ದ ಈ ಸ್ಥಳಕ್ಕೆ ಗೂಟ ಹೊಡೆದು ಗಡಿ ತೋರಿಸುವ ಪ್ರಮೇಯವೇ ಇರಲಿಲ್ಲ. ಕೆರೆಯನ್ನು ಕಾಯುತ್ತಿದ್ದುದು ಕಾಗದದ ಗೆರೆಯಲ್ಲ, ಅದರಿಂದ ಬದುಕುತ್ತಿದ್ದ ಜನ.

ಆ ಜನಕ್ಕೂ ಕೆರೆಗೂ ಇದ್ದ ಸಂಬಂಧವು ಮೆಲ್ಲಮೆಲ್ಲನೆ ಕಡಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, ತರುವಾಯ ಕಾವೇರಿಯಿಂದ ನಲ್ಲಿಗಳಿಗೆ ನೀರು ಬಂದಿತು. ಅಚ್ಚುಕಟ್ಟಿನ ಗದ್ದೆಗಳು ನಿವೇಶನಗಳಾದುವು. ಸಂಪಂಗಿ ಕೆರೆಯ ನೆಲದಲ್ಲಿ ಇಂದು ಕಂಠೀರವ ಕ್ರೀಡಾಂಗಣ ನಿಂತಿದೆ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಗಿದೆ. ಕೋರಮಂಗಲದ ಒಂದು ಕೆರೆಯಿದ್ದಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ವಸತಿಗಳೆದ್ದುವು. ೧೯೮೫ರಲ್ಲಿ ಸರ್ಕಾರವು ಲಕ್ಷ್ಮಣರಾಯರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ ಉಳಿದ ಕೆರೆಗಳ ರಕ್ಷಣೆಗೆ ಸಲಹೆ ಪಡೆಯಿತು. ಆದರೂ ಹಳೆಯ ಕಾವಲುಗಾರನು ಹೋದ ಮೇಲೆ ಹೊಸ ಕಾವಲಿಗೆ ಕಾನೂನೊಂದೇ ಗತಿಯಾಯಿತು.

ಈ ಹಿನ್ನೆಲೆಯಲ್ಲಿ ಪ್ರಕೃತ ವ್ಯಾಜ್ಯವನ್ನು ನೋಡಬೇಕು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವೆ ತಗ್ಗಾದ ಜೌಗುಭೂಮಿಯುಂಟು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಮಂತ್ರಿ ಟೆಕ್‌ಜೋನ್, ಕೋರ್ ಮೈಂಡ್ ಎಂಬ ಎರಡು ಸಂಸ್ಥೆಗಳಿಗೆ ಅಲ್ಲಿ ಭೂಮಿ ದೊರೆತು, ಕಚೇರಿ, ವಸತಿ ಮೊದಲಾದ ಬೃಹತ್ ಕಟ್ಟಡಗಳ ಕೆಲಸ ನಡೆಯಿತು. ಫಾರ್ವರ್ಡ್ ಫೌಂಡೇಷನ್ ಮೊದಲಾದ ನಾಗರಿಕ ಸಂಸ್ಥೆಗಳು ೨೦೧೪ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೊರೆಹೊಕ್ಕುವು. ೨೦೧೫ರ ಮೇ ೭ರಂದು ನ್ಯಾಯಾಧಿಕರಣವು ಆ ಸಂಸ್ಥೆಗಳಿಗೆ ಭಾರಿ ದಂಡವನ್ನು ವಿಧಿಸಿತು. ೨೦೧೬ರ ಮೇ ೪ರಂದು ಇನ್ನೂ ಮುಂದೆ ಹೋಗಿ, ಬೆಂಗಳೂರಿನ ಎಲ್ಲ ಕೆರೆಗಳ ಅಂಚಿನಿಂದ ೭೫ ಮೀಟರು, ರಾಜಕಾಲುವೆಗಳ ಅಂಚಿನಿಂದ ಅವುಗಳ ದರ್ಜೆಯಂತೆ ೫೦, ೩೫, ೨೫ ಮೀಟರು ಹಸಿರುವಲಯವಾಗಿರತಕ್ಕದ್ದೆಂದು ಆಜ್ಞೆಮಾಡಿತು. ಅದುವರೆಗೆ ನಗರದ ಮಹಾಯೋಜನೆಯಲ್ಲಿದ್ದ ಅಂತರ ಕೆರೆಗೆ ೩೦ ಮೀಟರು. ಕಾಲುವೆಗಳಿಗೆ ನಡುಗೆರೆಯಿಂದ ೫೦, ೨೫, ೧೫.

ಕಟ್ಟುವವರೂ ಸರ್ಕಾರವೂ ಮೇಲ್ಮನವಿ ಸಲ್ಲಿಸಿದರು. ೨೦೧೯ರ ಮಾರ್ಚಿ ೫ರಂದು ಸರ್ವೋಚ್ಚ ನ್ಯಾಯಾಲಯವು ೭೫ ಮೀಟರಿನ ನಿಬಂಧನೆಯನ್ನು ರದ್ದುಮಾಡಿತು. ಪತ್ರಿಕೆಗಳಲ್ಲಿ ಕೆಲವರು ಇದನ್ನು ಕೆರೆಗಳ ಸೋಲೆಂದೂ, ಕೆಲವರು ಮನೆಗಳ ಗೆಲವೆಂದೂ ಬರೆದರು. ತೀರ್ಪಿನ ತಿರುಳು ಇವೆರಡೂ ಅಲ್ಲ. ಮಹಾಯೋಜನೆಯು ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನದ ಮೇರೆಗೆ ಸಿದ್ಧವಾದುದು. ಶಾಸನಬದ್ಧವಾದ ಆ ಅಂತರವನ್ನು ತಿದ್ದುವ ಅಧಿಕಾರ ನ್ಯಾಯಾಧಿಕರಣಕ್ಕಿಲ್ಲ. ಇಷ್ಟೇ ಅದರ ನಿರ್ಣಯ. ಹಕ್ಕಿಗೆ ೩೦ ಮೀಟರು ಸಾಕೆಂದು ಆ ಪೀಠವು ಹೇಳಲಿಲ್ಲ. ಗೆರೆಯನ್ನು ಎಳೆಯತಕ್ಕವರು ಯಾರೆಂಬುದನ್ನು ಮಾತ್ರ ಹೇಳಿತು.

ಇದಕ್ಕೆ ಉತ್ತಮ ನಿದರ್ಶನ ಅದೇ ವರ್ಷದಲ್ಲಿ ದೊರೆಯಿತು. ಕೇರಳದ ಮರಡು ಎಂಬಲ್ಲಿ ಹಿನ್ನೀರಿನ ದಡದಲ್ಲಿ ಬಹುಮಹಡಿಯ ನಾಲ್ಕು ವಸತಿ ಸಮುಚ್ಚಯಗಳಿದ್ದುವು. ಕರಾವಳಿ ನಿಯಂತ್ರಣದ ವಿಧಿಗಳನ್ನು ಮೀರಿದುದರಿಂದ ಅವುಗಳನ್ನು ಕೆಡಹಬೇಕೆಂದು ಅದೇ ಸರ್ವೋಚ್ಚ ನ್ಯಾಯಾಲಯವು ೨೦೧೯ರ ಮೇ ೮ರಂದು ಆಜ್ಞಾಪಿಸಿತು. ೨೦೨೦ರ ಜನವರಿ ೧೧ ಮತ್ತು ೧೨ರಂದು ಸಿಡಿಮದ್ದಿನಿಂದ ಅವು ನೆಲಸಮವಾದುವು. ಕಡಲ ದಡಕ್ಕೆ ೧೯೯೧ರಿಂದಲೇ ಕಾನೂನಿನ ಗೆರೆಯಿದ್ದಿತು. ಅದನ್ನು ದಾಟಿದ ಮನೆ ಉರುಳಿತು. ಕೆರೆಯ ದಡಕ್ಕೆ ಕಾನೂನು ಎಳೆದುದು ೩೦ ಮೀಟರಿನ ಗೆರೆ. ಅದರಾಚೆಯ ಜೊಂಡು ಕಾಪಿಲ್ಲದೆ ಉಳಿಯಿತು.

ಇಲ್ಲಿ ಇನ್ನೊಂದು ವಿಚಾರವುಂಟು. ನ್ಯಾಯಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಲಕ್ಷಣದ ದೋಷಗಳು ಗೊತ್ತು. ಲಕ್ಷಣವು ಹೇಳಬೇಕಾದ ವಸ್ತುವನ್ನೆಲ್ಲ ಒಳಗೊಳ್ಳದೆ ಹೋದರೆ ಅದು ಅವ್ಯಾಪ್ತಿ. ಕೇಂದ್ರ ಸರ್ಕಾರದ ೨೦೧೭ರ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರಿಗೆಂದೂ ನೀರಾವರಿಗೆಂದೂ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನು ಜೌಗುಪ್ರದೇಶದ ಲಕ್ಷಣದಿಂದ ಹೊರಗಿಟ್ಟುವು. ನಮ್ಮ ಬಯಲುಸೀಮೆಯಲ್ಲಿ ದೇವನಿರ್ಮಿತವಾದ ಸರೋವರವೆಲ್ಲಿ? ಇರುವುವೆಲ್ಲ ಕಟ್ಟಿದ ಕೆರೆಗಳೇ. ಕಟ್ಟಿದ ಕೈ ಮನುಷ್ಯನದೆಂದು ಹೆಜ್ಜಾರ್ಲೆಯಾಗಲಿ ಜಂಬುಕೋಳಿಯಾಗಲಿ ಕೆರೆಯನ್ನು ತೊರೆಯುವುದಿಲ್ಲ. ಹಕ್ಕಿಗಳಿಗೆ ಕಾಣದ ಭೇದವು ನಿಯಮಕರ್ತರಿಗೆ ಕಂಡಿತು!

ಪ್ರತಿಪಕ್ಷದ ಮಾತನ್ನೂ ಆಲಿಸುವುದು ಧರ್ಮ. ೭೫ ಮೀಟರಿನ ಆಜ್ಞೆ ನಿಂತಿದ್ದರೆ ದೊಡ್ಡ ಸಂಸ್ಥೆಗಳಿಗಷ್ಟೇ ಅಲ್ಲ, ಜೀವಮಾನದ ಉಳಿತಾಯದಿಂದ ಸಣ್ಣ ನಿವೇಶನವನ್ನು ಕೊಂಡ ಗೃಹಸ್ಥನಿಗೂ ಸಂಕಟ ಒದಗುತ್ತಿದ್ದಿತು. ಅವನು ನಕ್ಷೆಯನ್ನು ನಂಬಿ ಕೊಂಡವನು. ನಕ್ಷೆಗೆ ಮೊಹರು ಹಾಕಿದವರು ಬೇರೆಯವರು. ಅವನ ಅಳಲು ಸುಳ್ಳಲ್ಲ. ಆದರೆ ತಗ್ಗಿನಲ್ಲಿ ಕಟ್ಟಿದ ಮನೆಗೆ ಮಳೆಗಾಲದಲ್ಲಿ ನುಗ್ಗುವ ನೀರೂ ಸುಳ್ಳಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಶ್ರೀಮಂತರ ಬಡಾವಣೆಗಳಿಂದಲೂ ಜನರನ್ನು ದೋಣಿಗಳಲ್ಲಿ ಕರೆತಂದುದನ್ನು ಲೋಕವೇ ನೋಡಿತು. ಕೆರೆಯು ತನ್ನ ಅಂಗಳವನ್ನು ಮರೆಯುವುದಿಲ್ಲ. ಆದಕಾರಣ ಹಕ್ಕಿಯ ಹಿತಕ್ಕೂ ಗೃಹಸ್ಥನ ಹಿತಕ್ಕೂ ವಿರೋಧವೆಂಬುದು ಮೇಲುನೋಟದ ಮಾತು.

ಗೆರೆಯನ್ನು ಎಳೆಯತಕ್ಕವರು ಶಾಸನ ಮಾಡುವವರೆಂದು ನ್ಯಾಯಾಲಯವು ಹೇಳಿದ ಮೇಲೆ, ೨೦೨೫ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಸೂದೆಯು ಕೆರೆಯ ವಿಸ್ತಾರವನ್ನು ನೋಡಿ, ಸಣ್ಣ ಕೆರೆಗಳ ಅಂತರವನ್ನು ೩೦ ಮೀಟರಿಗಿಂತಲೂ ಕಿರಿದುಗೊಳಿಸಲು ಹೊರಟಿತು. ಮೇಲಿನ ಸಣ್ಣ ಕೆರೆ ಬತ್ತಿದರೆ ಕೆಳಗಿನ ದೊಡ್ಡ ಕೆರೆಗೆ ನೀರೆಲ್ಲಿಂದ ಬರಬೇಕೆಂಬುದನ್ನು ಹಳೆಯ ನೀರುಗಂಟಿಯಾದರೂ ಕೇಳುತ್ತಿದ್ದನು. ಈಗ ನೀರುಗಂಟಿಯಿಲ್ಲ. ಕೆರೆಗಳನ್ನೂ ವನ್ಯಜೀವಿಗಳನ್ನೂ ಕಾಪಾಡುವುದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ವಿಧಿಯು ಹೇಳುತ್ತದೆ. ನೀರುಗಂಟಿಯ ಕೆಲಸ ಹಾಗಾದರೆ ನಮಗೇ ಬಂದಿದೆ. ಮಸೂದೆಗಳು ಬಂದಾಗ ಓದುವುದೂ, ಪ್ರತಿನಿಧಿಗಳನ್ನು ಕೇಳುವುದೂ ಅದರ ಮೊದಲ ಪಾಠ.