ಮೂಲಾಧಾರ ವ್ಯವಸ್ಥೆಗಳ ರಕ್ಷಣೆ: ಅಮೆರಿಕದ ಸಂಶೋಧನಾ ಯೋಜನೆಗಳು (1996–2006)

ರಾಜ್ಯವೊಂದು ತನ್ನ ಗಡಿಯನ್ನೂ ಕೋಟೆಯನ್ನೂ ಕಾಪಾಡಿಕೊಳ್ಳಲು ಪಟ್ಟ ಪ್ರಯತ್ನಗಳು ಇತಿಹಾಸಕ್ಕೆ ಹೊಸವಲ್ಲ. ಆದರೆ ವಿದ್ಯುತ್ತು, ನೀರು, ದೂರವಾಣಿ, ಬ್ಯಾಂಕು ಇವೆಲ್ಲವೂ ಗಣಕಜಾಲಗಳಿಂದ ಒಂದಕ್ಕೊಂದು ಹೆಣೆದುಕೊಂಡ ಮೇಲೆ, ಅವುಗಳನ್ನು ರಕ್ಷಿಸುವ ವಿದ್ಯೆಯನ್ನು ಬೆಳೆಸತಕ್ಕವರು ಯಾರೆಂಬ ಪ್ರಶ್ನೆ ಉದ್ಭವಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರ ಇದಕ್ಕೆ ನೀಡಿದ ಉತ್ತರವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1996ರ ಜುಲೈ 15ರಂದು ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ ಆಜ್ಞೆಯು ಎಂಟು ವ್ಯವಸ್ಥೆಗಳನ್ನು ರಾಷ್ಟ್ರಜೀವನಕ್ಕೆ ಅತ್ಯಾವಶ್ಯಕವೆಂದು ಹೆಸರಿಸಿ, ಆಯೋಗವೊಂದನ್ನು ಸ್ಥಾಪಿಸಿತು. ರಾಬರ್ಟ್ ಮಾರ್ಷ್ ಅವರ ಅಧ್ಯಕ್ಷತೆಯ ಈ ಆಯೋಗದ ವರದಿ 1997ರ ಅಕ್ಟೋಬರಿನಲ್ಲಿ ಹೊರಬಿದ್ದಿತು. ಈ ವ್ಯವಸ್ಥೆಗಳ ಬಹುಭಾಗ ಖಾಸಗಿಯವರ ಒಡೆತನದಲ್ಲಿದ್ದಿತು. ಒಡೆಯರು ಇಂದಿನ ನಷ್ಟವನ್ನು ತಡೆಯಲು ಹಣ ವೆಚ್ಚಮಾಡಿಯಾರು. ಹತ್ತು ವರ್ಷಗಳ ಅನಂತರ ಫಲಿಸುವ, ಫಲಿಸಿದರೂ ಎಲ್ಲರಿಗೂ ಸಲ್ಲುವ ಸಂಶೋಧನೆಗೆ ಮಾಡಲಾರರು. ಸರ್ಕಾರದ ಹೊಣೆ ಇಲ್ಲಿಯೇ ಹುಟ್ಟುತ್ತದೆ. ಸಂಶೋಧನಾ ವೆಚ್ಚವನ್ನು 25 ಕೋಟಿ ಡಾಲರುಗಳಿಂದ 50 ಕೋಟಿಗೆ ಏರಿಸಿ, ಮುಂದೆಯೂ ವರ್ಷವರ್ಷ ಹೆಚ್ಚಿಸಬೇಕೆಂದು ಆಯೋಗ ಸಲಹೆಯಿತ್ತಿತು.

2001ರ ಸೆಪ್ಟೆಂಬರಿನ ದಾಳಿಯ ತರುವಾಯ ಕಾರ್ಯವು ತ್ವರಿತಗೊಂಡಿತು. ಸೈಬರ್ ಸುರಕ್ಷತೆಯ ಸಂಶೋಧನೆಗೆಂದೇ 2002ರ ನವೆಂಬರಿನಲ್ಲಿ ಶಾಸನವಾಯಿತು. ಪ್ರತಿವರ್ಷವೂ ಸಂಶೋಧನಾ ಯೋಜನೆಯೊಂದನ್ನು ಸಿದ್ಧಪಡಿಸಬೇಕೆಂದು 2003ರ ಡಿಸೆಂಬರಿನಲ್ಲಿ ಅಧ್ಯಕ್ಷ ಬುಷ್ ನಿರ್ದೇಶಿಸಿದರು. ಮೊದಲ ಯೋಜನೆ 2005ರಲ್ಲಿ ಬೆಳಕು ಕಂಡಿತು.

ಆದರೆ ಯೋಜನೆ ಬೇರೆ, ಆದ್ಯತೆ ಬೇರೆ. ಅದೇ 2005ರ ಫೆಬ್ರವರಿಯಲ್ಲಿ ಅಧ್ಯಕ್ಷರ ಮಾಹಿತಿ ತಂತ್ರಜ್ಞಾನ ಸಲಹಾ ಸಮಿತಿಯು ಕಟುವಾದ ವರದಿಯನ್ನೊಪ್ಪಿಸಿತು. ರಕ್ಷಣಾ ಸಂಶೋಧನೆಯು ರಹಸ್ಯವಾದ, ಅಲ್ಪಾವಧಿಯ ಕಾರ್ಯಗಳತ್ತ ವಾಲಿದೆಯೆಂದೂ, ದೇಶದ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಈ ವಿಷಯದ ಸಕ್ರಿಯ ತಜ್ಞರು 250ಕ್ಕೂ ಕಡಮೆಯೆಂದೂ ಅದು ತಿಳಿಸಿತು. ಮೂಲಭೂತ ಸಂಶೋಧನೆಗೆ ವರ್ಷಕ್ಕೆ 9 ಕೋಟಿ ಡಾಲರು ಹೆಚ್ಚಿಸಬೇಕೆಂದು ಕೋರಿತು. ಕೆಲವೇ ತಿಂಗಳಲ್ಲಿ ಆ ಸಮಿತಿಯ ಅವಧಿ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. 2006ರ ಏಪ್ರಿಲಿನಲ್ಲಿ ಹೊರಬಂದ ಸೈಬರ್ ಸುರಕ್ಷತಾ ಸಂಶೋಧನೆಯ ಯೋಜನೆಯು ವಿಷಯಗಳನ್ನು ವಿಸ್ತಾರವಾಗಿ ವಿಂಗಡಿಸಿತಾದರೂ, ಕಾಲಮಿತಿಯನ್ನೂ ಹಣದ ಹೊಣೆಯನ್ನೂ ಅದು ನಿಗದಿಗೊಳಿಸಲಿಲ್ಲವೆಂದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಅದೇ ವರ್ಷ ಎತ್ತಿ ತೋರಿಸಿತು.

ಈ ದಶಕದ ವೃತ್ತಾಂತದಲ್ಲಿ ತಿಳಿವಳಿಕೆಯ ಕೊರತೆಯಿದ್ದಿತೆಂದು ಹೇಳುವಂತಿಲ್ಲ. ಅಪಾಯದ ಸ್ವರೂಪವನ್ನು ಮೊದಲ ಆಯೋಗವೇ ಗ್ರಹಿಸಿದ್ದಿತು. ಕೊರತೆ ಇದ್ದುದು ತಾಳ್ಮೆಯಲ್ಲಿ. ಯೋಜನೆಯನ್ನು ಒಂದು ವರ್ಷದಲ್ಲಿ ಬರೆಯಬಹುದು. ಅದನ್ನು ನಡೆಸಬಲ್ಲ ವಿದ್ವಾಂಸರನ್ನು ತಯಾರಿಸಲು ಒಂದು ತಲೆಮಾರೇ ಬೇಕು. ಆ ಕೆಲಸ ನಡೆಯತಕ್ಕದ್ದು ಕಾಲೇಜುಗಳ ಪಾಠದ ಕೋಣೆಗಳಲ್ಲಿ ಎಂಬುದನ್ನು ನಾವು ಮರೆಯಲಾಗದು.